ಅತ್ತೆಯ ಮೊಣಕಾಲು, ಮಾವನ ಪರ್ವತಿ

ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಭರಣಿಗೆ ಭಾರವಾಗಿ ಒಂದು ಕಬ್ಬಿಣದ ಡಂಬೆಲ್ಲು ಇಟ್ಟಿರುತ್ತಿದ್ದೆವು. ಅದರ ಜೋಡಿ ಇನ್ನೊಂದು, ಗ್ಯಾಲರಿಯ ಬಾಗಿಲು ಗಾಳಿಗೆ ಬಡಿದುಕೊಳ್ಳಬಾರದೆಂದು ಅದಕ್ಕೆ ಒತ್ತಾಗಿ ಕೂತಿರುತ್ತಿತ್ತು. ಮದುವೆಯ ಹೊಸದರಲ್ಲಿ ನನ್ನ ಯಜಮಾನರು ಇವೆರಡನ್ನೂ ಪುಣೆಯ ದಂಡಿನ ಕ್ಯಾಂಪಿನ ಅಂಗಡಿಯಿಂದ ಹೊತ್ತು ತಂದರು. ಹೊತ್ತು ತಂದರು ಅನ್ನುವುದು ಮಾತಿಗೆ. ತಂದದ್ದು ಟಾಂಗಾ, ಮೆಟ್ಟಿಲು ಹತ್ತಿಸಿದವನು ಟಾಂಗಾದವನು. ಯಜಮಾನರು ಅವನ ಹಿಂದೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಬಂದರು. ಮುಂದೆ ಒಂದು ವಾರ ಬೆಳಿಗ್ಗೆ ಬನಿಯನ್ನು ತೆಗೆದು ಕನ್ನಡಿಯ ಮುಂದೆ ನಿಂತು ಅವನ್ನು ಎತ್ತಿ ಇಳಿಸಿ, ತೋಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ತೋಳು ಇದ್ದ ಹಾಗೇ ಇತ್ತು. ಆಮೇಲೆ, ಆಫೀಸಿನ ದುಡಿತಕ್ಕೆ ಮೈ ನುಗ್ಗಾಗಿ ಹೋಗುತ್ತದೆ, ಇನ್ನು ಇದಕ್ಕೆಲ್ಲ ಶಕ್ತಿ ಎಲ್ಲಿಂದ ತರಲಿ ಅಂದರು. ಆಫೀಸಿನ ದುಡಿತವೆಂದರೆ ಕುರ್ಚಿಯ ಮೇಲೆ ಕೂತು ಬರೆಯುವುದು, ಬರೆದದ್ದನ್ನು ಪಕ್ಕದ ಕುರ್ಚಿಯವನಿಗೆ ದಾಟಿಸುವುದು. ಆ ಡಂಬೆಲ್ಲನ್ನು ಜೀವಮಾನವಿಡೀ ಎತ್ತಿ ಇಳಿಸಿದವಳು ನಾನು, ಉಪ್ಪಿನಕಾಯಿ ತೆಗೆಯಬೇಕಾದಾಗಲೆಲ್ಲ.

ಇದು ನಮ್ಮ ಮನೆಯೊಂದರ ರೋಗವಲ್ಲ. ಎರಡನೆಯ ಯುದ್ಧಕ್ಕೆ ಮುಂಚಿನ ಆ ವರ್ಷಗಳಲ್ಲಿ ಪುಣೆಯ ಪೇಠೆಗಳಲ್ಲಿ ಯಾವ ಗಂಡಸಿನ ಬಾಯಲ್ಲಿ ನೋಡಿದರೂ ವ್ಯಾಯಾಮದ್ದೇ ಮಾತು. ಓಣಿಗೊಂದು ತಾಲೀಮು, ಅಂದರೆ ಗರಡಿ, ಇತ್ತು. ಅಲ್ಲಿ ಮೈಗೆಲ್ಲ ಕೆಮ್ಮಣ್ಣು ಬಳಿದುಕೊಂಡು ಕುಸ್ತಿ ಹಿಡಿಯುವ ತರುಣರನ್ನು ನಾನು ಏನೂ ಅನ್ನಲಾರೆ, ಅವರು ನಿಜವಾಗಿ ಬೆವರುತ್ತಿದ್ದರು. ನನ್ನ ಸಿಟ್ಟೆಲ್ಲ ಬೆವರದವರ ಮೇಲೆ. ನಾವು ಸದಾಶಿವ ಪೇಠೆಯಲ್ಲಿ, ಅಂಗಳದ ಸುತ್ತ ಹಲವು ಸಂಸಾರಗಳಿದ್ದ ಒಂದು ವಾಡೆಯ ಮೇಲಂತಸ್ತಿನಲ್ಲಿದ್ದೆವು. ಕೆಳಗಿನ ಮನೆಯಲ್ಲಿ ಪಿಂಚಣಿ ಪಡೆಯುತ್ತಿದ್ದ ಒಬ್ಬ ಮರಾಠಿ ಮಾಸ್ತರರು ಇದ್ದರು. ಅಂಗಳದ ನಳಕ್ಕೆ ನೀರು ಬರುವ ಹೊತ್ತು ನೋಡಿಕೊಂಡೇ ಅವರು ನಳದ ಮುಂದೆ ಚಾಪೆ ಹಾಸಿ ಸೂರ್ಯನಮಸ್ಕಾರ ಶುರು ಮಾಡುವರು. ವಾಡೆಯ ಹೆಂಗಸರೆಲ್ಲ ಕೊಡ ಹಿಡಿದುಕೊಂಡು, ಅವರು ಎದ್ದು ಮಲಗಿ ಎದ್ದು ಮಲಗಿ ಮುಗಿಸುವ ತನಕ ಗೋಡೆಗೆ ಆತು ನಿಲ್ಲಬೇಕು. ಮುಗಿಸಿದ ಮೇಲೆ ಎದೆಯುಬ್ಬಿಸಿ ನಿಂತು, ಇದನ್ನು ದಿನಾ ಮಾಡಿದರೆ ನಿಮ್ಮ ಗಂಡಂದಿರಿಗೆ ಔಷಧಿಯೇ ಬೇಡ ಅನ್ನುವರು. ನಾವು ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಆ ಕಡಿದಾದ ಮೆಟ್ಟಿಲು ಏರುವುದು ಅವರ ಕಣ್ಣಿಗೆ ಯಾವತ್ತೂ ಬೀಳಲಿಲ್ಲ. ಅದಕ್ಕೆ ಚಾಪೆ ಬೇಕಾಗಿರಲಿಲ್ಲವಲ್ಲ, ಹಾಗಾಗಿ ಅದು ವ್ಯಾಯಾಮ ಅನ್ನಿಸಿಕೊಳ್ಳಲಿಲ್ಲ.

ಇವರೆಲ್ಲರನ್ನೂ ಮೀರಿಸಿದವರು ನನ್ನ ಮಾವ. ಅವರು ಒಂದು ಸರಕಾರಿ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಕೃಷ್ಣಾ ದಂಡೆಯ ನಮ್ಮ ಊರು ಬಿಟ್ಟು ಪುಣೆಗೆ ಬಂದು ಮೇಲೇರಿದವರು. ಮೇಲೇರಿದ ಮಾತು ಬಂದಾಗಲೆಲ್ಲ ಪರ್ವತಿಯ ಮಾತೂ ಬರುತ್ತಿತ್ತು. ಪುಣೆಯ ದಕ್ಷಿಣಕ್ಕಿರುವ ಆ ಗುಡ್ಡವನ್ನು ಅವರು ದಿನಾ ಬೆಳಗಿನ ಜಾವ ಏರುತ್ತಿದ್ದರು. ಜೊತೆಗೆ ನಮ್ಮ ಕಡೆಯವರೇ ಆದ ನಾಲ್ಕೈದು ಮಂದಿ ಕ್ಲಾರ್ಕರು, ಎಲ್ಲರಿಗೂ ಕೋಟು, ಧೋತರ, ಕ್ಯಾನ್ವಾಸಿನ ಬಿಳಿ ಬೂಟು. ಮಾವನಿಗೆ ಅದರ ಮೇಲೆ ಬೆಳ್ಳಿಯ ಹಿಡಿಕೆಯ ಒಂದು ಬೆತ್ತ. ಏರಿ ಇಳಿದು, ದಾರಿಯಲ್ಲಿ ಉಡುಪಿ ಕಡೆಯವರ ಹೊಟೇಲಿನಲ್ಲಿ ಉಪ್ಪಿಟ್ಟು, ಇಡ್ಲಿ, ಎರಡೆರಡು ಸಲ ಕಾಫಿ ಮುಗಿಸಿ, ಹೋಗುವಾಗ ಇದ್ದದ್ದಕ್ಕಿಂತ ಭಾರವಾಗಿ ಮನೆಗೆ ಬರುವರು. ಬಂದವರೇ ಗ್ಯಾಲರಿಯಲ್ಲಿ ಆರಾಮಕುರ್ಚಿಗೆ ಒರಗಿ ಉಸ್ಸೆನ್ನುವರು. ನಾನು ಹಾಲು ಕೊಡಬೇಕು, ಅತ್ತೆ ಬೀಸಣಿಗೆ ಹಿಡಿಯಬೇಕು. ಆಗ ಅವರು ಗುಡ್ಡದ ತುದಿಯ ವರ್ಣನೆ ಮಾಡುವರು.

"ಮ್ಯಾಲೆ ನಿಂತರ ಸಿಂಹಗಡ ಕಾಣ್ತದ ನೋಡು. ಗುಡಿ ಹಿಂದ ಒಂದು ಬುಗ್ಗಿ ಅದ. ಅದರ ನೀರು ಅಂದ್ರ ಸಕ್ಕರಿ. ನಮ್ಮ ಹೊಳಿ ನೀರೂ ಅದರ ಮುಂದ ಏನಲ್ಲ."

ಹೊಳೆಯ ನೀರು ಅಂದಾಗ ಅತ್ತೆಯ ಬೀಸಣಿಗೆ ಒಂದು ಗಳಿಗೆ ನಿಲ್ಲುತ್ತಿತ್ತು.

ಅತ್ತೆ ಊರಲ್ಲಿದ್ದಾಗ ಮೂರು ಹೊತ್ತು ಹೊಳೆಗೆ ಹೋಗಿಬರುತ್ತಿದ್ದ ಹೆಂಗಸು. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ದಂಡೆಯ ಏರು ಹತ್ತುವಾಗ ಹಾಡು ಹೇಳುತ್ತಿದ್ದರಂತೆ. ಜೋಳ ಬೀಸುವುದು, ಮೆಣಸಿನಕಾಯಿ ಕುಟ್ಟುವುದು, ಹೊಲಕ್ಕೆ ಬುತ್ತಿ ಒಯ್ಯುವುದು, ಎಲ್ಲ ಅವರದೇ. ಪುಣೆಗೆ ಬಂದ ಮೇಲೆ ಒಂದೊಂದಾಗಿ ಎಲ್ಲ ಹೋದವು. ನೀರು ಅಂಗಳಕ್ಕೆ ಬಂತು, ತರಲು ಸೊಸೆ ಬಂದಳು. ಹಿಟ್ಟಿಗೆ ಮೂಲೆಯಲ್ಲಿ ಗಿರಣಿ ಇತ್ತು, ಡಬ್ಬಿ ಹೊರಲು ಗಿರಣಿಯ ಆಳು ಇದ್ದ. ಕಾಯಿಪಲ್ಲೆ ಬುಟ್ಟಿಯಲ್ಲಿ ಬಾಗಿಲಿಗೇ ಬರುತ್ತಿತ್ತು. ಹೆಡ್ ಕ್ಲಾರ್ಕರ ಹೆಂಡತಿ ಕಾಲೆಳೆದುಕೊಂಡು ಬಜಾರಿನಲ್ಲಿ ತಿರುಗುವುದು ಮಾವನಿಗೆ ಮರ್ಯಾದೆಗೇಡು. ನಮ್ಮ ಮನಿ ಹೆಂಗಸರು ಟಾಂಗಾದಾಗ ಹೋಗ್ತಾರ ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹೇಳುವಾಗ ಟಾಂಗಾದ ಕುದುರೆಯನ್ನು ತಾವೇ ಹೆತ್ತಷ್ಟು ಅಭಿಮಾನ. ಹೀಗೆ ಸುಖದಲ್ಲಿ ಕೂತು ಕೂತು ಅತ್ತೆಯ ಮೊಣಕಾಲು ಹಿಡಿದುಕೊಂಡವು, ಪಾದ ಊದಿದವು. ನೆಲದಿಂದ ಏಳಬೇಕಾದರೆ ಒಂದು ಕೈ ಗೋಡೆಗೆ, ಇನ್ನೊಂದು ಕೈ ನನಗೆ.

ಆದರೂ ಬೆಳಗಿನ ಜಾವ ಮಾವನಿಗಿಂತ ಮೊದಲು ಏಳುವವರು ಅವರೇ. ಒಲೆ ಹೊತ್ತಿಸಿ, ಮುಖ ತೊಳೆಯಲು ಬಿಸಿನೀರು ಕೊಟ್ಟು, ಮೂಲೆಯಲ್ಲಿದ್ದ ಬೂಟು ತಂದು ಮುಂದಿಡಬೇಕು. ಮಾವ ಹಾಸಿಗೆಯ ಅಂಚಿಗೆ ಕೂತು ಕಾಲು ಚಾಚುವರು. ಅತ್ತೆ ಬಗ್ಗಿ ಬೂಟಿನ ದಾರ ಕಟ್ಟುವಾಗ ಅವರ ಮೊಣಕಾಲು ಲಟಕ್ಕೆನ್ನುವ ಸದ್ದು ಪಕ್ಕದ ಕೋಣೆಯಲ್ಲಿ ಮಲಗಿದ್ದ ನನಗೆ ಕೇಳುತ್ತಿತ್ತು. ಕೊನೆಗೆ ಬಾಗಿಲ ಹಿಂದಿನ ಮೂಲೆಯಿಂದ ಬೆತ್ತ ತೆಗೆದು ಕೈಗೆ ಕೊಡಬೇಕು. ಗುಡ್ಡ ಏರುವ ಗಂಡಸು ಬಾಗಿಲ ಹಿಂದಿನ ಬೆತ್ತಕ್ಕೆ ಕೈ ಚಾಚಲಾರ. ನಾನೇ ಕಟ್ಟುತ್ತೇನೆ ಅಂತ ಒಂದೆರಡು ಸಲ ಎದ್ದು ಹೋದೆ. ಅತ್ತೆ ನನ್ನನ್ನು ಹಿಂದೆ ಕಳಿಸಿದರು. ಅದು ಸೊಸೆ ಮಾಡುವ ಕೆಲಸವಲ್ಲವಂತೆ.

ಒಂದು ಮಳೆಗಾಲದಲ್ಲಿ ಅವರ ಕಾಲು ತೀರ ಬಾತುಕೊಂಡವು. ಲಕ್ಷ್ಮೀ ರಸ್ತೆಯ ಕಡೆಯಿಂದ ಒಬ್ಬ ಮರಾಠಿ ಡಾಕ್ಟರರನ್ನು ಕರೆಸಿದರು. ಅವರು ಕಾಲನ್ನು ಮಡಚಿ, ನೀಡಿ, ಪಾದದ ಮೇಲೆ ಬೆರಳೊತ್ತಿ ನೋಡಿದರು. ಆಮೇಲೆ ಮಾವನ ಕಡೆ ತಿರುಗಿ ಮರಾಠಿಯಲ್ಲಿ ನೇರವಾಗಿ ಹೇಳಿದರು. ಇವರಿಗೆ ಔಷಧಿಗಿಂತ ನಡಿಗೆ ಬೇಕು. ದಿನಾ ಹೊರಗೆ ಹೋಗಿ ನಡೆಯಲಿ, ಮೊದಲು ಓಣಿಯ ತುದಿಗೆ, ಆಮೇಲೆ ಇನ್ನೂ ದೂರ. ಹೀಗೇ ಇನ್ನೊಂದು ವರ್ಷ ಕೂರಿಸಿದರೆ ಆಮೇಲೆ ಇವರು ಏಳುವುದೇ ಇಲ್ಲ, ಎತ್ತಿ ಮಲಗಿಸಬೇಕಾಗುತ್ತದೆ. ಅತ್ತೆಗೆ ಬಜಾರಿನ ಮರಾಠಿ ಬರುತ್ತಿತ್ತು, ಇಷ್ಟು ತಿಳಿಯಲು ಅದು ಸಾಕು. ಡಾಕ್ಟರರು ಮೆಟ್ಟಿಲಿಳಿದ ಮೇಲೆ ಅವರು ನನ್ನ ಕೈ ಹಿಡಿದರು. ಅವರಿಗೆ ಹೆದರಿಕೆಯಾಗಿತ್ತು. ಮಲಗಿದಲ್ಲೇ ಎಲ್ಲ ಮಾಡಿಸಿಕೊಂಡು ಎರಡು ವರ್ಷ ನರಳಿ ಸತ್ತ ತಮ್ಮ ಅತ್ತೆಯನ್ನು ಅವರು ಕೈಯಾರೆ ತೊಳೆದಿದ್ದರು.

ಮಾವನಿಗೆ ಹೆದರಿಕೆಯಾಗಲಿಲ್ಲ, ಅವಮಾನವಾಯಿತು. "ನಡೀಬೇಕಂತ. ಎಲ್ಲಿಗೆ ನಡೀಬೇಕು? ಹೆಣ್ಣುಮಕ್ಕಳು ಸುಮ್ಮ ಸುಮ್ಮನ ಓಣ್ಯಾಗ ಅಡ್ಡಾಡಿದರ ಮಂದಿ ಏನಂತಾರ?" ಅಂದರು. ಕಾರಣವಿಲ್ಲದೆ ಹೆಂಗಸು ನಡೆಯಬಾರದು ಎನ್ನುವುದು ನಮ್ಮ ಜನರ ನಿಯಮ. ನಡೆದರೆ ಕೈಯಲ್ಲಿ ಕೊಡವೋ ಕುಂಕುಮದ ಭರಣಿಯೋ ಇರಬೇಕು. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಮಾವನ ಮುಖ ಅರಳಿತು. ಅಷ್ಟು ಅರಳಿದರೆ ಏನೋ ಅನಾಹುತ ಕಾದಿದೆ ಅಂತಲೇ ಲೆಕ್ಕ.

"ಅಲ್ಲ, ನಾ ದಿನಾ ಪರ್ವತಿ ಏರ್ತೀನೋ ಇಲ್ಲೋ? ಗಂಡನ ಪುಣ್ಯದಾಗ ಹೆಂಡತಿಗೆ ಅರ್ಧಾ ಅಂತ ಶಾಸ್ತ್ರನ ಅದ. ನಾ ಏರಿದ್ದರಾಗ ಅರ್ಧಾ ಆಕಿಗೆ ಮುಟ್ಟೇ ಮುಟ್ಟತದ."

ನಾನು ನಗೆಚಾಟಿಕೆ ಅಂದುಕೊಂಡೆ. ಅವರು ನಗುತ್ತಿರಲಿಲ್ಲ. ನನ್ನ ಯಜಮಾನರೂ ನಗಲಿಲ್ಲ, ತಂದೆಯ ಮಾತಿಗೆ ತಲೆಯಾಡಿಸಿ ಪೇಪರಿನ ಪುಟ ತಿರುವಿದರು. ಕಾಲೇಜು ಓದಿದ ಗಂಡಸು. ಅವರ ಕತ್ತಿಗೆ ಮಾತ್ರ ಆ ಮನೆಯಲ್ಲಿ ಬೇಕಾದಷ್ಟು ವ್ಯಾಯಾಮವಾಗುತ್ತಿತ್ತು.

ಅತ್ತೆ ಸುಮ್ಮನಿರಲಿಲ್ಲ. ಅವರು ಗಂಡನಿಗೆ ಎದುರಾಡದೆ ದಾರಿ ಹುಡುಕುವ ಹೆಂಗಸು. ಎರಡು ದಿನ ಬಿಟ್ಟು, ನಮ್ಮ ಮನೆಯ ಪೌರೋಹಿತ್ಯಕ್ಕೆ ಬರುತ್ತಿದ್ದ ಭಟ್ಟರ ಮುಂದೆ ಒಂದು ಮಾತು ತೆಗೆದರು. ಓಣಿಯ ತುದಿಯ ಮಾರುತಿಯ ಗುಡಿಯಲ್ಲಿ ಅರಳಿಕಟ್ಟೆ ಇದೆ, ಕಾಲು ವಾಸಿಯಾಗಲೆಂದು ಪ್ರದಕ್ಷಿಣೆಯ ವ್ರತ ಹಿಡಿಯಲೇ ಅಂತ. ಇದಕ್ಕೆ ಮಾವ ಬೇಡ ಅನ್ನುವಂತಿರಲಿಲ್ಲ. ದೇವರ ಹೆಸರಲ್ಲಿ ನಡೆದರೆ ನಡೆದ ಹಾಗಲ್ಲ. ಅತ್ತೆಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದದ್ದನ್ನು ನೋಡಿ ನನಗೂ ಹಿಗ್ಗಾಯಿತು. ನೀವು ಸುತ್ತು ಹಾಕುವಾಗ ನಾನು ಜೊತೆಗಿರ್ತೀನಿ ಅಂದೆ.

ಆದರೆ ನಮ್ಮ ಜನರ ಬುದ್ಧಿಗೆ ಅಷ್ಟು ಸಣ್ಣ ದಾರಿ ಸಾಲುವುದಿಲ್ಲ. ಮಾವ ಭಟ್ಟರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಭಟ್ಟರು ಪಂಚಾಂಗ ತೆಗೆದು, ಕಣ್ಣು ಮುಚ್ಚಿ, ಪರಿಹಾರ ಹೇಳಿದರು. ವ್ರತ ಹಿಡಿದವರು ಅಶಕ್ತರಾಗಿದ್ದರೆ ಪ್ರತಿನಿಧಿಯಿಂದ ಮಾಡಿಸಬಹುದು. ಸಂಕಲ್ಪ ಯಜಮಾನಿಯದು, ಸುತ್ತು ಪ್ರತಿನಿಧಿಯದು, ಫಲ ಪೂರ್ತಿ ಯಜಮಾನಿಗೆ. ಪ್ರತಿನಿಧಿಯಾಗಿ ಬೇರೆ ಯಾರು ಯಾಕೆ, ತಾವೇ ಇದ್ದೇವಲ್ಲ ಅಂದರು ಭಟ್ಟರು. ಹೀಗೆ, ಕೂತು ಕೂತು ಕಾಲು ಹೋದ ಹೆಂಗಸಿಗೆ ಡಾಕ್ಟರರು ನಡೆಯಲು ಹೇಳಿದರೆ, ಆಕೆಯ ಪರವಾಗಿ ನಡೆಯಲು ಒಬ್ಬರನ್ನು ನೇಮಿಸಿ ಆಕೆಯನ್ನು ಮತ್ತೆ ಕೂರಿಸಿದ್ದಾಯಿತು. ಇಷ್ಟು ಬುದ್ಧಿವಂತಿಕೆಯ ಪೆದ್ದತನ ಬೇರೆ ಯಾವ ಜನಕ್ಕೂ ಹೊಳೆಯಲಾರದು. ಇದಕ್ಕೆ ತಲೆಮಾರುಗಟ್ಟಲೆ ಓದಿರಬೇಕು.

ಆ ಗುಡಿ ನಮ್ಮ ಗ್ಯಾಲರಿಯಿಂದ ಕಾಣುತ್ತಿತ್ತು. ಅಲ್ಲಿಗೂ ಟಾಂಗಾ. ಅತ್ತೆಯನ್ನು ಹತ್ತಿಸಿ ಇಳಿಸುವುದಕ್ಕೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಕುಂಟುತ್ತ ಹೋಗಿ ಬಂದುಬಿಡಬಹುದಿತ್ತು. ಮನೆಯಿಂದ ಒಯ್ದ ಮಣೆಯನ್ನು ಕಟ್ಟೆಯ ಪಕ್ಕ ಹಾಕಿ ನಾನು ಅವರನ್ನು ಕೂರಿಸುವೆನು. ಭಟ್ಟರು ಅವರ ಕೈಗೆ ಅಕ್ಷತೆ ಕೊಟ್ಟು, ಗೋತ್ರ ನಕ್ಷತ್ರ ಹೇಳಿಸಿ, ನೀರು ಬಿಡಿಸಿ, ಪಂಚೆ ಎತ್ತಿ ಕಟ್ಟಿ ಮರದ ಸುತ್ತ ಹೊರಡುವರು. ಅತ್ತೆ ಕೈ ಮುಗಿದುಕೊಂಡು ತಮ್ಮ ನಡಿಗೆ ತಮ್ಮ ಮುಂದೆ ಹಾದುಹೋಗುವುದನ್ನು ನೋಡುವರು. ಭಟ್ಟರು ಮರದ ಹಿಂದೆ ಮರೆಯಾಗಿ ಮತ್ತೆ ಈಚೆ ಕಾಣುವರು. ಬಿಸಿಲೇರಿದರೆ ಬೇಗ ಬೇಗ ಸುತ್ತುವರು. ಮುಗಿದ ಮೇಲೆ ಅತ್ತೆಯ ಉಡಿಯಲ್ಲಿ ತೆಂಗಿನಕಾಯಿ ಹಾಕಿ, ಇವತ್ತಿಂದು ಛಲೋ ಆತ್ರಿ ಅನ್ನುವರು. ದಿನಾ ಸಂಜೆ ಮಾವ ಕೇಳುವರು, "ಇವತ್ತ ಪ್ರದಕ್ಷಿಣಿ ಆತಲ್ಲ?" ಆತ್ರಿ ಅನ್ನುವರು ಅತ್ತೆ. ಮಾವನಿಗೆ ಸಮಾಧಾನ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಮಳೆಗಾಲ ಹೋಗಿ ಚಳಿ ಬಂತು. ವ್ರತದ ಫಲ ಕಾಣತೊಡಗಿತು, ಭಟ್ಟರಲ್ಲಿ. ಮೊದಲು ಅವರು ನಮ್ಮ ವಾಡೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಶ್ರೀಹರೀ ಎಂದು ನರಳಿ, ಬಾಗಿಲಿಗೆ ಬಂದು ಕಂಬ ಹಿಡಿಯುತ್ತಿದ್ದರು. ಅವರಿಗೆ ವಾಯುವಿನ ಉಪದ್ರವ ಎಂದು ಅತ್ತೆಯೇ ಎಷ್ಟೋ ಸಲ ಸಾಸಿವೆ ಎಣ್ಣೆ ಕೊಟ್ಟು ಕಳಿಸಿದ್ದರು. ಈಗ ಹೊಟ್ಟೆ ಕರಗಿತ್ತು, ಮುಖ ಹೊಳೆಯುತ್ತಿತ್ತು. ಸಂಕ್ರಾಂತಿಯ ಎಳ್ಳು ಕೊಡಲು ಬಂದವರು ಮೆಟ್ಟಿಲುಗಳನ್ನು ಎರಡೆರಡಾಗಿ ದಾಟಿ, ದಣಿವಿಲ್ಲದೆ ನಮ್ಮ ಮುಂದೆ ನಿಂತರು. ಅತ್ತೆ ಅವರ ಕಾಲನ್ನೇ ನೋಡುತ್ತಿದ್ದರು. ಅವರು ಹೋದ ಮೇಲೆ ಬಹಳ ಹೊತ್ತು ತಮ್ಮ ಊದಿದ ಪಾದವನ್ನು ಸೀರೆಯ ಸೆರಗಿನಿಂದ ಒರೆಸುತ್ತ ಕೂತರು.

"ನೋಡವಾ, ನನ್ನ ಹೆಸರಲೆ ನಡದು ಅವರ ಕಾಲು ಛಲೋ ಆದವು" ಅಂದರು. "ಹಂಗಾರ ನಡಿಗಿ ಹೆಸರು ಕೇಳೂದುಲ್ಲ. ನಡದವರಿಗೇ ಹತ್ತತದ."

ಮರುದಿನ ಗುಡಿಯಲ್ಲಿ ಸಂಕಲ್ಪ ಮುಗಿದು ಭಟ್ಟರು ಹೊರಟರು. ಅತ್ತೆ ನನ್ನ ಭುಜ ಹಿಡಿದು ಮಣೆಯಿಂದ ಎದ್ದರು, ಅವರ ಹಿಂದೆ ಹೊರಟರು. ಒಂದು ಸುತ್ತು ಬಂದು ಇನ್ನೇನು ಅತ್ತೆಗೆ ಡಿಕ್ಕಿ ಹೊಡೆಯಬೇಕು ಅನ್ನುವಾಗ ಭಟ್ಟರು ಬೆಚ್ಚಿ ನಿಂತರು.

"ಏನ್ರಿ ಇದು? ನಿಮ್ಮ ಪರವಾಗಿ ನಾ ಹಾಕಲಿಕ್ಕತ್ತೀನಲ್ರಿ."

"ನೀವು ನಿಮ್ಮ ಪರವಾಗಿ ಹಾಕ್ರಿ" ಅಂದರು ಅತ್ತೆ. "ನಿಮಗ ಕೊಡೂದು ಕೊಡ್ತಾರ, ಅದಕ್ಕೇನು ಕಮ್ಮಿ ಆಗೂದುಲ್ಲ."

ಕಮ್ಮಿಯಾಗುವುದಿಲ್ಲ ಎಂದು ತಿಳಿದ ಮೇಲೆ ಭಟ್ಟರಿಗೆ ಶಾಸ್ತ್ರದ ತೊಂದರೆ ಏನೂ ಉಳಿಯಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ಮೊದಲ ದಿನ ಅತ್ತೆ ಮೂರು ಸುತ್ತಿಗೆ ಕೂತುಬಿಟ್ಟರು, ಕಣ್ಣಲ್ಲಿ ನೀರು ಬಂದಿತ್ತು. ರಾತ್ರಿ ನಾನು ಕಾಲಿಗೆ ಬಿಸಿ ಉಪ್ಪಿನ ಶಾಖ ಕೊಟ್ಟೆ. ಮರುದಿನ ಮತ್ತೆ ಎದ್ದರು. ಹೋಳಿಯ ಹೊತ್ತಿಗೆ ನಾನು ಭುಜ ಕೊಡುವುದು ತಪ್ಪಿತು. ಟಾಂಗಾದವನನ್ನು ಓಣಿಯ ತಿರುವಿನಲ್ಲಿ ನಿಲ್ಲಿಸಿ, ನೀನು ಇಲ್ಲೇ ಬೀಡಿ ಸೇದುತ್ತಿರು ಎಂದು ಹೇಳಿ ನಡೆದೇ ಹೋಗಿಬರತೊಡಗಿದೆವು. ಅತ್ತೆಯ ಕಾಲಿನ ಬಾವು ಇಳಿದದ್ದನ್ನು ಮಾವ ಗಮನಿಸಿದರು. ಗಮನಿಸಿ ತಮ್ಮ ಗೆಳೆಯರ ಮುಂದೆ, ನೋಡ್ರಿ, ನಾ ಪರ್ವತಿ ಏರೂದು ಮನಿಯವರಿಗೆ ಹೆಂಗ ಹತ್ತೇದ ಅಂತ ಹೇಳಿಕೊಂಡರು. ನಾನು ಅಡಿಗೆಮನೆಯಲ್ಲಿ ಡಂಬೆಲ್ಲು ಎತ್ತಿ ಉಪ್ಪಿನಕಾಯಿ ತೆಗೆಯುತ್ತಿದ್ದೆ. ಅದನ್ನು ಅವರ ಕಡೆ ಎಸೆಯದೆ ಇದ್ದದ್ದು ನನ್ನ ಸಂಸ್ಕಾರ.

ಚೈತ್ರದಲ್ಲಿ ಒಂದು ದಿನ, ಗಂಡಸರು ಊಟ ಮಾಡಿ ಆಫೀಸಿಗೆ ಹೋದ ಮೇಲೆ ಅತ್ತೆ ಒಂದು ಸಣ್ಣ ತಂಬಿಗೆಯನ್ನು ತೊಳೆದು ತಂದರು. "ಇವತ್ತ ಪರ್ವತಿಗೆ ಹೋಗೂಣು" ಅಂದರು. "ಆ ಬುಗ್ಗಿ ನೀರು ಕುಡದು ಬರೂಣು. ಇಷ್ಟು ವರ್ಷ ಕೇಳೀನಿ, ಒಮ್ಮೆ ಬಾಯಾಗ ಹಾಕ್ಕೋಬೇಕು."

ಮೋಡ ಮುಚ್ಚಿದ್ದರಿಂದ ಬಿಸಿಲಿರಲಿಲ್ಲ. ಊರು ದಾಟಿ, ಕಾಲುವೆ ದಾಟಿ ಗುಡ್ಡದ ಬುಡಕ್ಕೆ ಬಂದೆವು. ಅಲ್ಲಿಯ ಮೆಟ್ಟಿಲು ಅಗಲವಾದ ಕಲ್ಲಿನವು, ಒಂದೊಂದಕ್ಕೂ ಎರಡೆರಡು ಹೆಜ್ಜೆ ಬೇಕು. ಅತ್ತೆ ತಂಬಿಗೆ ನನ್ನ ಕೈಗೆ ಕೊಟ್ಟು, ಸೀರೆ ಮೇಲೆತ್ತಿ ಸಿಕ್ಕಿಸಿ, ಏರತೊಡಗಿದರು. ಅವಸರ ಮಾಡಲಿಲ್ಲ. ಬೇಕಾದಲ್ಲಿ ಕೂತರು, ಸಾಕೆನ್ನಿಸಿದಾಗ ಎದ್ದರು. ನಡುದಾರಿಯಲ್ಲಿ ಒಂದು ಬೇವಿನ ಗಿಡದ ನೆರಳಿತ್ತು, ಕೆಳಗೆ ಸಣ್ಣ ಕಟ್ಟೆ. ಅದರ ಸುತ್ತ ಶೇಂಗಾದ ಸಿಪ್ಪೆ, ನಶ್ಯದ ಕಲೆ, ಹರಿದ ಪೇಪರು. ಯಾರೋ ಹೊಲಸು ಮಾಡಿಟ್ಟಾರ ಎಂದು ಅತ್ತೆ ಅಲ್ಲಿ ಕೂರದೆ ಮುಂದಕ್ಕೆ ಹೋದರು. ತುದಿ ಮುಟ್ಟಿದಾಗ ಅವರಿಗೆ ಏದುಸಿರು ಬರುತ್ತಿತ್ತು, ಆದರೆ ನಗುತ್ತಿದ್ದರು. ಇಡೀ ಪುಣೆ ಕೆಳಗೆ ಹಂಚು, ಗೋಪುರ, ಗಿಡಗಳಾಗಿ ಹರಡಿತ್ತು. ಸೊಂಟದ ಮೇಲೆ ಕೈಯಿಟ್ಟು ಅವರು ಅದನ್ನು ನೋಡಿದ ರೀತಿ ಹೊಲದ ಯಜಮಾನಿ ಬೆಳೆ ನೋಡಿದ ಹಾಗಿತ್ತು.

ದರ್ಶನ ಮುಗಿಸಿ ಗುಡಿಯ ಹಿಂದೆ ಹೋದೆವು. ಬುಗ್ಗೆ ಇರಲಿಲ್ಲ. ಒಂದು ಸುತ್ತು ಹಾಕಿದೆವು, ಎರಡು ಹಾಕಿದೆವು. ಕಲ್ಲು, ಗೋಡೆ, ಒಣಗಿದ ಹುಲ್ಲು. ಬಾಗಿಲಲ್ಲಿ ಹೂವು ಮಾರುತ್ತ ಕೂತಿದ್ದ ಮುದುಕಿಯನ್ನು ಅತ್ತೆ ತಮ್ಮ ಬಜಾರಿನ ಮರಾಠಿಯಲ್ಲಿ ಕೇಳಿದರು. ಇಲ್ಲಿ ಎಂಥ ಬುಗ್ಗೆ, ನಾನೇ ಕುಡಿಯುವ ನೀರನ್ನು ಕೆಳಗಿನಿಂದ ಹೊತ್ತು ತರುತ್ತೇನೆ ಅಂದಳು ಆಕೆ. ನಮ್ಮ ಮನೆಯವರು ದಿನಾ ಬೆಳಿಗ್ಗೆ ಇಲ್ಲಿಗೆ ಬರುತ್ತಾರಲ್ಲ, ಬಿಳಿ ಬೂಟು, ಬೆಳ್ಳಿಯ ಬೆತ್ತ, ನಾಲ್ಕೈದು ಜನ ಕನ್ನಡದವರು, ಅವರು ಹೇಳಿದರು ಎಂದರು ಅತ್ತೆ. ಮುದುಕಿ ಹೂವು ಕಟ್ಟುವುದನ್ನು ನಿಲ್ಲಿಸಿದಳು.

"ತೇ ಕಾನಡಿ ಸಾಹೇಬ? ತೇ ವರ ಯೇತಚ ನಾಹೀತ" ಅಂದಳು. ಅವರು ಮೇಲೆ ಬರುವುದೇ ಇಲ್ಲ. ಕೈ ಮಾಡಿ ಕೆಳಗಿನ ಬೇವಿನ ಗಿಡವನ್ನು ತೋರಿಸಿದಳು. ಅಲ್ಲಿ ಕೂತು ಶೇಂಗಾ ತಿಂದು, ಪೇಪರು ಓದಿ, ಬಿಸಿಲು ಬೀಳುವ ಮೊದಲು ಇಳಿದು ಹೋಗುತ್ತಾರಂತೆ. ಆಕೆ ಅಲ್ಲಿ ಕೂತಾಗಿನಿಂದ ಹಾಗೇ ಅಂತೆ.

ನನಗೆ ನಗು ತಡೆಯಲಿಲ್ಲ, ಗೋಡೆಗೆ ಆತು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಖಾಲಿ ತಂಬಿಗೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. ದಿನಾ ಬೆಳಗಿನ ಜಾವ ಆ ಮೊಣಕಾಲು ಬಗ್ಗಿಸಿ ದಾರ ಕಟ್ಟಿದ ಬೂಟು ಎಲ್ಲಿಯ ತನಕ ಹೋಗುತ್ತಿತ್ತು ಎನ್ನುವುದು ಅವರಿಗೆ ಈಗ ಕಾಣಿಸುತ್ತಿತ್ತು. ಅವರ ಮುಖ ನೋಡಿ ನನ್ನ ನಗು ನಿಂತಿತು, ಸಿಟ್ಟು ಬಂತು. ಇಡೀ ಗುಡ್ಡ ಏರುತ್ತೇನೆಂದು ಜಂಬ ಕೊಚ್ಚಿದ್ದನ್ನು ಬೇಕಾದರೆ ಬಿಟ್ಟುಬಿಡಬಹುದು. ಇಲ್ಲದ ಬುಗ್ಗೆಯ ನೀರಿನ ರುಚಿ ಹೇಳಿ, ಹೊಳೆ ಬಿಟ್ಟು ಬಂದ ಹೆಂಗಸನ್ನು ದಿನಾ ಬೆಳಿಗ್ಗೆ ಆಸೆಗೆ ಹಚ್ಚಿದ್ದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಮುದುಕಿ ತನ್ನ ಮಡಕೆಯಿಂದ ತಂಬಿಗೆಗೆ ನೀರು ಹಾಕಿದಳು. ಅತ್ತೆ ಕುಡಿದು, ನನಗೂ ಕೊಟ್ಟರು.

ಅವತ್ತು ಸಂಜೆ ಮಾವ ಎಂದಿನಂತೆ, ಪ್ರದಕ್ಷಿಣಿ ಆತಲ್ಲ ಎಂದು ಕೇಳಿದರು. ಆತ್ರಿ ಅಂದರು ಅತ್ತೆ, ಅನ್ನ ಬಡಿಸಿದರು.

ಮರುದಿನ ಬೆಳಗಿನ ಜಾವ ಪಕ್ಕದ ಕೋಣೆಯಲ್ಲಿ ಸದ್ದಿಲ್ಲದ್ದರಿಂದಲೇ ನನಗೆ ಎಚ್ಚರವಾಯಿತು. ಎದ್ದು ಬಂದೆ. ಮಾವ ಹಾಸಿಗೆಯ ಅಂಚಿಗೆ ಕೂತು ಕಾಲು ಚಾಚಿದ್ದರು. ಮುಂದೆ ಬೂಟು ಇರಲಿಲ್ಲ. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು, ಸೀರೆ ಎತ್ತಿ ಸಿಕ್ಕಿಸಿದ್ದರು, ಕೈಯಲ್ಲಿ ಕೊಡವಿಲ್ಲ, ಕುಂಕುಮದ ಭರಣಿಯಿಲ್ಲ, ಏನೂ ಇಲ್ಲ.

"ಎಲ್ಲಿಗೆ ಹೊಂಟಿ?" ಅಂದರು ಮಾವ.

"ಪರ್ವತಿಗೆ."

"ಈಗ? ನೀನು? ಎದಕ?"

"ನೀವು ಏರಿದ್ದರಾಗ ಅರ್ಧಾ ನನಗ ಮುಟ್ಟತದ ಅಂದಿದ್ರಿ" ಅಂದರು ಅತ್ತೆ. ದನಿ ಏರಿಸಲಿಲ್ಲ, ಉಪ್ಪು ಹಾಕಲೇ ಎಂದು ಕೇಳುವ ದನಿಯೇ. "ನಿನ್ನೆ ಹೋಗಿ ನೋಡಿ ಬಂದೆ. ನೀವು ಬೇವಿನ ಗಿಡದ ತನಕಾನ ಏರೀರಿ. ಅದರಾಗ ಅರ್ಧಾ ಅಂದ್ರ ನನ್ನ ಪಾಲಿಗೆ ಬುಡದ ನಾಕು ಮೆಟ್ಟಲಾ ಬಂದಾವು. ಉಳಿದದ್ದು ನಾನ ಏರಬೇಕಲ್ರಿ."

ನನ್ನ ಯಜಮಾನರು ಬಾಗಿಲ ತನಕ ಬಂದು ಇಣುಕಿ, ತಲೆಯಾಡಿಸುವುದು ಯಾರ ಮಾತಿಗೆ ಎಂದು ತಿಳಿಯದೆ ಹಿಂದಕ್ಕೆ ಹೋದರು. ಮಾವ ಕಾಲು ಒಳಗೆಳೆದುಕೊಂಡರು. ಆಮೇಲೆ, ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ, ತಾವೇ ಎದ್ದು, ಬರಿಗಾಲಲ್ಲಿ ಬಾಗಿಲ ಹಿಂದಿನ ಮೂಲೆಗೆ ಹೋಗಿ, ಬೆಳ್ಳಿಯ ಹಿಡಿಕೆಯ ಬೆತ್ತವನ್ನು ತೆಗೆದು ಅತ್ತೆಯ ಮುಂದೆ ಹಿಡಿದರು. ಅವರಿಗೆ ತಿಳಿದಿದ್ದ ಕ್ಷಮೆಯ ರೀತಿ ಅಷ್ಟೇ ಇರಬಹುದು. ನನಗೆ ಮರುಕ ಬರಲಿಲ್ಲ.

ಅತ್ತೆ ಬೆತ್ತವನ್ನು ನೋಡಿದರು, ಮುಟ್ಟಲಿಲ್ಲ.

"ಬ್ಯಾಡ್ರಿ" ಅಂದರು. "ಅದಕ್ಕ ಅರ್ಧಾ ದಾರಿನ ಗೊತ್ತದ."

ನನಗೆ ಬಾರೆಂದು ಕಣ್ಣಲ್ಲೇ ಹೇಳಿ, ಗೋಡೆ ಹಿಡಿಯದೆ ಮೆಟ್ಟಿಲಿಳಿದರು.